ಅಡಿಕೆ ಮಂಡಿಯ ಹೆಸರುಗಳ ಅರ್ಥವೇನು?

ಪ್ರಶ್ನೆ: ಶಿವಮೊಗ್ಗದ ಧಾರಣೆಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದೂ ಪುತ್ತೂರಿನ ಕಡೆ ಹೊಸತು, ಹಳತು, ಕೋಕ ಎಂದೂ ಇರುತ್ತದೆ. ಇವು ಬೇರೆ ಬೇರೆ ತಳಿಗಳೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮಲೆನಾಡಿಗ: ತಳಿಗಳಲ್ಲ. ಹಸಿರುಕಾಯಿಯನ್ನು ಸುಲಿದು, ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ) ಬೆರೆಸಿದ ನೀರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆಯಾಗುತ್ತದೆ. ಅದರಲ್ಲಿ ತೀರ ಎಳೆಯದು ಸರಕು, ನಡುವಿನ ಹದದವು ಬೆಟ್ಟೆ ಮತ್ತು ರಾಶಿ, ಬಲಿತು ಹದ ಮೀರಿದ್ದು ಗೊರಬಲು. ಕೊಯ್ಲು ತಡವಾದರೆ ಬೆಳೆಗಾರನಿಗೆ ಗೊರಬಲಿನ ದರವೇ ಗತಿ.

ಕರಾವಳಿ ಕೃಷಿಕ: ನಮ್ಮದು ಚಾಲಿ. ಹಣ್ಣಡಿಕೆಯನ್ನು ಸಿಪ್ಪೆಸಹಿತ ಅಂಗಳದಲ್ಲಿ ಸುಮಾರು 40–45 ದಿನ ಒಣಗಿಸಿ ಆಮೇಲೆ ಸುಲಿಯುತ್ತೇವೆ. ಆ ವರ್ಷದ್ದು ಹೊಸತು, ದಾಸ್ತಾನಿಟ್ಟದ್ದು ಹಳತು, ಕೆಟ್ಟದ್ದು ಕೋಕ.

ಮಲೆನಾಡಿಗ: ದರ ಹೋಲಿಸುವಾಗ ಗಮನಿಸಿ, ಶಿವಮೊಗ್ಗದ್ದು ಕ್ವಿಂಟಾಲಿಗೆ, ಪುತ್ತೂರಿನಲ್ಲಿ ಸಾಮಾನ್ಯವಾಗಿ ಕಿಲೋಗೆ ಹೇಳುತ್ತಾರೆ.