ಉದುರು ಹಣ್ಣು ಹೆಕ್ಕಿ ಮೇಲೇಳುವಾಗ ಸೊಂಟ ಹಿಡಿಯೋದು ಯಾಕೆ?

ಪ್ರಶ್ನೆ (ಮೂಡಿಗೆರೆ ಕಡೆಯಿಂದ):
ನಮಸ್ತೆ ಮೇಡಂ. ನಮ್ದು ಮೂರು ಎಕರೆ ರೋಬಸ್ಟಾ ಕಾಫಿ ತೋಟ. ಈ ಸಲ ಆಳು ಸಿಗದೆ ನಾನೂ ನಮ್ಮತ್ತೆಯೂ ಸೇರಿ ಕೊಯ್ತಾ ಇದೀವಿ. ಗಿಡದಲ್ಲಿ ಕೊಯ್ಯುವಾಗ ನನಗೇನೂ ಆಗಲ್ಲ. ಬುಡದಲ್ಲಿ ಉದುರಿದ ಹಣ್ಣು ಹೆಕ್ಕಿ ಮುಗಿಸಿ, ಹಾಗೇ ಚೀಲ ಎತ್ತೋಕೆ ಹೋದಾಗ ಸೊಂಟದಲ್ಲಿ ಚಳಕ್ ಅಂತ ಹಿಡ್ಕೊಳ್ಳುತ್ತೆ. ಎಕ್ಸ್‌ರೇ ತೆಗೆಸಿದ್ವಿ, ಮೂಳೆ ಸರಿಯಾಗಿದೆ ಅಂದ್ರು. ಪಕ್ಕದ ಮನೆ ಅಜ್ಜಿ "ನರ ಹೊರಳಿದೆ, ನೀವಿಸ್ಕೋ" ಅಂತಾರೆ. ಬಗ್ಗೋದೇ ತಪ್ಪಾ?

ಉತ್ತರ (ಫಿಸಿಯೋಥೆರಪಿಸ್ಟ್, ಚಿಕ್ಕಮಗಳೂರು):
ಬಗ್ಗೋದು ತಪ್ಪಲ್ಲಮ್ಮ. ಬೆನ್ನು ಇರೋದೇ ಬಗ್ಗೋಕೆ. ನೀವು ಬರೆದ "ಹಾಗೇ ಚೀಲ ಎತ್ತೋಕೆ ಹೋದಾಗ" ಅನ್ನೋ ಮಾತಲ್ಲೇ ಅರ್ಧ ಉತ್ತರ ಇದೆ.

ಮೊದಲು ನಿಮ್ಮ ಬೆನ್ನನ್ನು ನೀವೇ ಮುಟ್ಟಿ ನೋಡಿ. ನೆಟ್ಟಗೆ ನಿಂತು, ಎರಡೂ ಹೆಬ್ಬೆರಳನ್ನು ಸೊಂಟದ ಹಿಂದೆ ಬೆನ್ನುಮೂಳೆಯ ಆಚೆ ಈಚೆ ಇಡಿ. ಹಗ್ಗದ ಹಾಗೆ ಎರಡು ದಪ್ಪ ಪಟ್ಟಿ ಸಿಗುತ್ತವೆ. ಸ್ವಲ್ಪ ಮುಂದಕ್ಕೆ ವಾಲಿ, ಹಗ್ಗ ಗಟ್ಟಿಯಾಗುತ್ತೆ. ಸ್ವಲ್ಪ ಹಿಂದಕ್ಕೆ ವಾಲಿ, ಮೆತ್ತಗಾಗುತ್ತೆ. ಇದೇ ಎರೆಕ್ಟರ್ ಸ್ಪೈನೇ, ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯುಗಳ ಗುಂಪು. ನೀವು ಬಗ್ಗುವಾಗ ಬಾವಿಗೆ ಕೊಡ ಇಳಿಸುವವರು ಹಗ್ಗ ಬಿಡುವ ಹಾಗೆ ಇದು ಬಿಗಿ ಹಿಡಿದೇ ನಿಧಾನಕ್ಕೆ ಸಡಿಲ ಬಿಡುತ್ತಾ ಹೋಗುತ್ತೆ.

ಆದರೆ ಪೂರ್ತಿ ಬಗ್ಗಿದ ಮೇಲೆ ಈ ಸ್ನಾಯು ಕೆಲಸ ನಿಲ್ಲಿಸುತ್ತೆ. 1955ರಲ್ಲಿ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ಇಂಗ್ಲೆಂಡಿನ ಸಂಶೋಧಕರು ಬೆನ್ನಿಗೆ ಎಲೆಕ್ಟ್ರೋಡ್ ಹಚ್ಚಿ ಇದನ್ನು ವಿವರವಾಗಿ ದಾಖಲಿಸಿದರು. ಆಗ ಮೈಭಾರವೆಲ್ಲ ಮೂಳೆಗೂ ಮೂಳೆಗೂ ಕಟ್ಟಿರುವ ನಾರಿನ ಮೇಲೆ, ಅಂದರೆ ಲಿಗಮೆಂಟ್ ಮೇಲೆ, ಮತ್ತು ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್ ಮೇಲೆ ಬೀಳುತ್ತೆ. ಒಂದೆರಡು ಕ್ಷಣಕ್ಕೆ ತೊಂದರೆ ಇಲ್ಲ. ಆದರೆ ಗಿಡದ ಬುಡದಲ್ಲಿ ಹತ್ತು ಹದಿನೈದು ನಿಮಿಷ ಹಾಗೇ ಬಗ್ಗಿ ಹೆಕ್ಕುತ್ತಾ ಇದ್ದರೆ ಆ ನಾರು ನಿಧಾನವಾಗಿ ಹಿಗ್ಗುತ್ತೆ. ಎದ್ದ ತಕ್ಷಣ ಅದು ಮೊದಲಿನ ಅಳತೆಗೆ ಬರಲ್ಲ, ಹೊತ್ತು ಬೇಕು. ಆ ಸಡಿಲ ಬೆನ್ನಲ್ಲೇ ನೀವು ಚೀಲಕ್ಕೆ ಕೈ ಹಾಕ್ತೀರಿ. ಇಷ್ಟು ಹೊತ್ತು ಸುಮ್ಮನಿದ್ದ ಸ್ನಾಯು ಒಮ್ಮೆಲೇ ಜೋರಾಗಿ ಎಳೆಯಬೇಕಾಗುತ್ತೆ, ಅಲ್ಲೇ ಹಿಡಿದುಕೊಳ್ಳುತ್ತೆ. ಈ ಚಳಕಿಗೆ ಎಕ್ಸ್‌ರೇಯಲ್ಲಿ ಗುರುತು ಸಿಗಲ್ಲ. ನೋವು ಸುಳ್ಳು ಅಂತ ಅದರರ್ಥ ಅಲ್ಲ.

ಹಾಗಾಗಿ ಸೊಂಟದಿಂದ ಜೋತು ಬೀಳುವ ಬದಲು ಒಂದು ಮಂಡಿ ನೆಲಕ್ಕೆ ಊರಿ ಹೆಕ್ಕಿ, ಅಥವಾ ಕುಕ್ಕರಗಾಲಲ್ಲಿ ಕೂತು ಹೆಕ್ಕಿ, ಗಿಡದಿಂದ ಗಿಡಕ್ಕೆ ಭಂಗಿ ಬದಲಾಯಿಸಿ. ಎದ್ದ ಮೇಲೆ ಚೀಲ ಮುಟ್ಟೋಕೆ ಮೊದಲು ಎರಡು ನಿಮಿಷ ಬಿಡಿ: ಸೊಂಟದ ಮೇಲೆ ಕೈ ಇಟ್ಟು ನಾಲ್ಕೈದು ಸಲ ಮೆಲ್ಲಗೆ ಹಿಂದಕ್ಕೆ ವಾಲಿ, ಸಾಲಿನಲ್ಲಿ ಒಂದು ಸುತ್ತು ನಡೆದು ಬನ್ನಿ. ಹಳೇ ನೋವಿರುವ ಅನೇಕರಲ್ಲಿ ಪೂರ್ತಿ ಬಗ್ಗಿದಾಗಲೂ ಈ ಸ್ನಾಯು ಬಿಡುವು ತಗೊಳ್ಳಲ್ಲ, ಕಾವಲುಗಾರನ ಹಾಗೆ ಬಿಗಿದೇ ನಿಂತಿರುತ್ತೆ. ಅಂಥವರು ಹಾಸಿಗೆ ಹಿಡಿದರೆ ಇನ್ನೂ ಬಿಗಿಯುತ್ತೆ, ನಡೆದಾಡಿದರೆ ಸಡಿಲವಾಗುತ್ತೆ. ಅಜ್ಜಿ ಕೈಯಲ್ಲಿ ಬಿಸಿ ಎಣ್ಣೆ ಹಚ್ಚಿಸಿಕೊಂಡು ಮೆಲ್ಲಗೆ ನೀವಿಸ್ಕೊಳ್ಳಿ, ಹಾಯಾಗುತ್ತೆ. ಬೆನ್ನು ತುಳಿಸೋದು, ಲಟಕ್ ಅನ್ನಿಸೋದು ಬೇಡ.

ಕಾಲಿಗೆ ಶಕ್ತಿ ಇಲ್ಲದಂತಾಗಿ ಪಾದ ಎಳೆಯೋದು, ತೊಡೆಸಂದಿಯಲ್ಲಿ ಜೋಮು, ಮೂತ್ರ ಕಟ್ಟೋದು ಅಥವಾ ತಾನಾಗೇ ಹೋಗೋದು, ಇವುಗಳಲ್ಲಿ ಒಂದಾದರೂ ಕಂಡರೆ ಮಾರನೇ ದಿನಕ್ಕೆ ಕಾಯಬೇಡಿ. ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ.

ಅದೇ ಸೋದರಿ:
ತುಂಬಾ ಥ್ಯಾಂಕ್ಸ್ ಮೇಡಂ. ನಮ್ಮತ್ತೆಗೆ ಬಗ್ಗಿದ್ರೆ ಏನೂ ಇಲ್ಲ, ಚೀಲ ಜೀಪಿಗೆ ತಿರುಗಿಸಿ ಹಾಕುವಾಗ ಪಕ್ಕೆ ಹಿಡಿಯುತ್ತೆ. ಬೆಲ್ಟ್ ಕಟ್ಟಿದ್ರೆ ಆಗುತ್ತಾ?

ಉತ್ತರ:
ಅತ್ತೆಯವರದ್ದು ಬೇರೆ ಕಥೆ. ಸೊಂಟದ ಐದು ಮೂಳೆಗಳ ಹಿಂದಿನ ಕೀಲುಗಳ ಮುಖ ಅಕ್ಕಪಕ್ಕಕ್ಕೆ ತಿರುಗಿರುತ್ತೆ. ಹಿಂದೆ ಮುಂದೆ ಬಾಗೋಕೆ ಸಲೀಸು, ತಿರುಗೋಕೆ ಹೋದರೆ ಒಂದಕ್ಕೊಂದು ತಾಗಿ ತಡೆಯುತ್ತವೆ. ನಾವು ತಿರುಗೋದು ಹೆಚ್ಚಾಗಿ ಎದೆಮಟ್ಟದ ಹನ್ನೆರಡು ಮೂಳೆಗಳಲ್ಲಿ ಮತ್ತು ತೊಡೆಯ ಕೀಲಲ್ಲಿ.

ತಿರುಗಿಸುವ ಸ್ನಾಯು ಯಾವುದು ಅಂತ ತಿಳಿಯೋಕೆ ಅತ್ತೆಯವರ ಸೆರಗು ನೋಡಿ. ಬಲ ಸೊಂಟದಿಂದ ಹೊಟ್ಟೆಯ ಮೇಲೆ ಓರೆಯಾಗಿ ಎಡ ಭುಜಕ್ಕೆ ಹೋಗುತ್ತಲ್ಲ, ಹೆಚ್ಚುಕಮ್ಮಿ ಅದೇ ದಾರಿಯಲ್ಲಿ ಎಡಗಡೆಯ ಹೊರ ಓರೆ ಸ್ನಾಯುವೂ ಬಲಗಡೆಯ ಒಳ ಓರೆ ಸ್ನಾಯುವೂ ನಡುವಿನಲ್ಲಿ ಕೈಕೈ ಹಿಡಿದಿವೆ. ಎರಡೂ ಒಟ್ಟಿಗೆ ಎಳೆದರೆ ಎಡ ಭುಜ ಬಲ ಸೊಂಟದ ಕಡೆ ಬರುತ್ತೆ, ಮೈ ಬಲಕ್ಕೆ ತಿರುಗುತ್ತೆ. ಎಡಕ್ಕೆ ತಿರುಗೋಕೆ ಇನ್ನೊಂದು ಜೋಡಿ. ಪಾದ ನೆಟ್ಟಲ್ಲೇ ನೆಟ್ಟು ಭಾರದ ಸಮೇತ ಮೈ ತಿರುಚಿದರೆ ಪೆಟ್ಟು ತಿನ್ನೋದು ಇದೇ ಜಾಗ. ಅತ್ತೆಗೆ ಒಂದೇ ಮಾತು ಹೇಳಿ: ಮೊದಲು ಪಾದ ತಿರುಗಲಿ, ಆಮೇಲೆ ಚೀಲ. ಆದರೆ ಆ ವಯಸ್ಸಿಗೆ ತುಂಬಿದ ಚೀಲ ಅವರಿಂದ ಎತ್ತಿಸಲೇಬೇಡಿ, ಅರ್ಧ ತುಂಬಿದ್ದು ಸಾಕು.

ಬೆಲ್ಟನ್ನು ಭಾರ ಎತ್ತುವ ಹೊತ್ತಿಗೆ ಮಾತ್ರ ಕಟ್ಟಲಿ. ಹೊಟ್ಟೆಯ ಒಳಪದರದಲ್ಲಿ ಸುತ್ತಲೂ ಬಿಗಿದಿರುವ ಸ್ನಾಯುವೇ ನಿಜವಾದ ನಡುಕಟ್ಟು. ಬೆನ್ನು ಚೆನ್ನಾಗಿರುವವರಲ್ಲಿ ಕೈ ಎತ್ತುವ ಮೊದಲೇ ಅದು ಬಿಗಿದುಕೊಂಡು ಸಿದ್ಧವಾಗಿರುತ್ತೆ.

ಪ್ರಶ್ನೆ (ಹಾಸನದಿಂದ, ಪರೀಕ್ಷೆಗೆ ಓದುತ್ತಿರುವವನು):
ಮೇಡಂ, ದವಡೆ ಬಗ್ಗೆ ಕೇಳಬಹುದಾ? ಬಾಯಿ ತೆರೆದಾಗ ಕಿವಿ ಹತ್ರ ಟಕ್ ಅನ್ನುತ್ತೆ. ಬೆಳಿಗ್ಗೆ ಎದ್ರೆ ಕೆನ್ನೆ, ಕಣತಲೆ ಎಲ್ಲಾ ನೋವು. ಕಿವಿ ಡಾಕ್ಟ್ರು ಕಿವಿ ಚೆನ್ನಾಗಿದೆ ಅಂದ್ರು.

ಉತ್ತರ:
ಖಂಡಿತ ಕೇಳಪ್ಪ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ನಿಧಾನ ತೆಗಿ. ಮೊದಲರ್ಧ ದವಡೆಯ ಗುಂಡು ತುದಿ ಇದ್ದಲ್ಲೇ ತಿರುಗುತ್ತೆ, ಆಮೇಲೆ ಮುಂದಕ್ಕೆ ಜಾರುತ್ತೆ. ಗುಂಡಿಗೂ ತಲೆಬುರುಡೆಗೂ ನಡುವೆ ಪುಟ್ಟ ಮೆತ್ತೆ ಇದೆ. ಅದು ಸ್ವಲ್ಪ ಸರಿದಿದ್ದರೆ, ಗುಂಡು ಮತ್ತೆ ಅದರ ಮೇಲೆ ಹತ್ತುವಾಗ ಟಕ್ ಅನ್ನುತ್ತೆ. ನೋವಿಲ್ಲದ ಟಕ್ ಬಹಳ ಜನಕ್ಕೆ ಇರುತ್ತೆ, ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ನಿನ್ನ ನೋವು ಸ್ನಾಯುವಿನದು ಅನ್ನಿಸುತ್ತೆ. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗ ಉಬ್ಬೋದು ಮ್ಯಾಸೆಟರ್. ಕಣತಲೆಯಲ್ಲಿ ಬೀಸಣಿಗೆ ಹಾಗೆ ಹರಡಿರೋದು ಟೆಂಪೊರಾಲಿಸ್. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ತಾಗಬಾರದು. ತುಟಿ ಮುಚ್ಚಿರಲಿ, ಹಲ್ಲಿನ ನಡುವೆ ಎರಡು ಮೂರು ಮಿಲಿಮೀಟರ್ ಸಂದಿ ಇರಲಿ. ಈಗ ಇದನ್ನು ಓದುವಾಗ ನಿನ್ನ ಹಲ್ಲು ಕಚ್ಚಿತ್ತಾ, ನೋಡ್ಕೋ. ಪುಸ್ತಕದ ಪುಟ ತಿರುಗಿಸುವಾಗಲೆಲ್ಲ ಹಾಗೇ ನೋಡ್ಕೋ. ಕೆಲ ವಾರ ಕೋಡುಬಳೆ, ಕಬ್ಬು, ಚ್ಯೂಯಿಂಗ್ ಗಮ್ ಬಿಡು, ಕೆನ್ನೆಗೆ ಬಿಸಿನೀರಿನ ಬಟ್ಟೆ ಇಡು. ರಾತ್ರಿ ಹಲ್ಲು ಕಡಿಯೋದನ್ನು ರೂಮಿನವರು ಕೇಳಿಸಿಕೊಂಡಿದ್ದರೆ ಹಲ್ಲಿನ ಡಾಕ್ಟರಿಗೆ ಹೇಳು.

ಪ್ರತಿಕ್ರಿಯೆ (ಕೊಪ್ಪದಿಂದ):
ನಮ್ಮಪ್ಪಂಗೂ ದವಡೆ ಬಿಗಿ ಮೇಡಂ, ಬಾಯಿ ಪೂರ್ತಿ ಬಿಡೋಕಾಗಲ್ಲ. ಸಾರು ಸ್ವಲ್ಪ ಖಾರ ಆದ್ರೂ ಬಾಯೆಲ್ಲ ಉರಿ ಅಂತಾರೆ. ಮೂವತ್ತು ವರ್ಷದಿಂದ ಎಲೆ ಅಡಿಕೆ ಹಾಕ್ತಾರೆ. ಇದೇ ವ್ಯಾಯಾಮ ಮಾಡಿಸಲಾ?

ಉತ್ತರ:
ಬೇಡ, ದಯವಿಟ್ಟು ವ್ಯಾಯಾಮದಲ್ಲಿ ದಿನ ಕಳೀಬೇಡಿ. ಉರಿ ಮತ್ತು ಬಿಗಿತ ಎರಡೂ ಒಟ್ಟಿಗೆ ಇದ್ದರೆ ಸ್ನಾಯುವಿಗಿಂತ ಮೊದಲು ಕೆನ್ನೆಯ ಒಳಪದರವನ್ನು ನೋಡಬೇಕು. ಅಡಿಕೆ ಅಗಿಯುವವರಲ್ಲಿ ಆ ಪದರ ಬಿಳಿಚಿಕೊಂಡು ನಾರುನಾರಾಗಿ ಗಟ್ಟಿಯಾಗುವ ಕಾಯಿಲೆ ಇದೆ, ಸಬ್‌ಮ್ಯೂಕಸ್ ಫೈಬ್ರೋಸಿಸ್. ಮುಂದೆ ಅದೇ ಕ್ಯಾನ್ಸರ್‌ಗೆ ತಿರುಗಬಹುದು. ಹೊಗೆಸೊಪ್ಪು ಇಲ್ಲದ ಬರೀ ಎಲೆ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಒಲೆ ಉರಿಯುವ ಊರಲ್ಲಿ ಕೂತು ಇದನ್ನು ಬರೆಯೋದು ನನಗೆ ಸುಲಭ ಅಲ್ಲ. ಆದರೂ ನಿಮ್ಮಪ್ಪನ ಬಾಯಿ ನನಗೆ ಮುಖ್ಯ.

ಇವತ್ತು ರಾತ್ರಿ ಅವರದ್ದೇ ಮೂರು ಬೆರಳು ಜೋಡಿಸಿ, ಮುಂದಿನ ಹಲ್ಲುಗಳ ನಡುವೆ ನಿಲುವಾಗಿ ಇಡಲು ಹೇಳಿ. ಸಾಮಾನ್ಯವಾಗಿ ಮೂರೂ ಹಿಡಿಸಬೇಕು. ಎಷ್ಟೇ ಹಿಡಿಸಲಿ, ಎಲೆ ಅಡಿಕೆ ಇವತ್ತೇ ನಿಲ್ಲಿಸಿ, ಈ ವಾರದೊಳಗೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಎಷ್ಟು ಬೆರಳು ಹಿಡಿಸಿತು ಅಂತ ನಾಳೆ ಇಲ್ಲೇ ಬರೀರಿ, ನಾನು ನೋಡ್ತಿರ್ತೀನಿ.