ಸಹಾಯ ಬೇಕು: ‘ವಿಂಡ್‌ಫಾಲ್’ ಲಾಭಕ್ಕೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಪಿಯುಸಿ ಕಾಮರ್ಸ್ ಮಕ್ಕಳಿಗೆ ನೋಟ್ಸ್ ಬರೆಯುತ್ತಿದ್ದೇನೆ. ‘ವಿಂಡ್‌ಫಾಲ್’ ಅನ್ನುವ ಒಂದು ಪದದ ಹತ್ತಿರ ಮೂರು ದಿನದಿಂದ ನಿಂತುಬಿಟ್ಟಿದ್ದೇನೆ.

ಮೂಲ ಅರ್ಥ ಗೊತ್ತು. ಗಾಳಿಗೆ ಉದುರಿದ ಹಣ್ಣು, ಮರ ಹತ್ತದೆ ಸಿಕ್ಕಿದ್ದು. ವ್ಯಾಪಾರದಲ್ಲಿ ಅಂದರೆ ಎಣಿಸದೆ ಬಂದ ದೊಡ್ಡ ಲಾಭ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧದಿಂದ ಕಚ್ಚಾ ತೈಲದ ಬೆಲೆ ಏರಿತು, ಇಲ್ಲಿ ತೈಲ ತೆಗೆಯುವ ಕಂಪನಿಗಳಿಗೆ ಸುಮ್ನೆ ಲಾಭ ಜಾಸ್ತಿಯಾಯಿತು. ಕೇಂದ್ರ ಸರ್ಕಾರ ಜುಲೈ 1ರಿಂದ ಅದಕ್ಕೆ ತೆರಿಗೆ ಹಾಕಿ, 2024ರ ಡಿಸೆಂಬರ್‌ನಲ್ಲಿ ತೆಗೆಯಿತು. ಇದು ಮಕ್ಕಳಿಗೆ ತಕ್ಷಣ ಅರ್ಥವಾಯಿತು.

ತೊಂದರೆ ಇರೋದು ಪದದ್ದೇ. ‘ಗಾಳಿಗೆ ಬಿದ್ದ ಹಣ್ಣು’ ಅಂತ ಬೋರ್ಡಿನ ಮೇಲೆ ಬರೆದೆ. ಶ್ರೀನಿವಾಸಪುರ ಕಡೆಯ ಹುಡುಗಿಯೊಬ್ಬಳು, “ಮೇಡಂ, ಗಾಳಿಗೆ ಬಿದ್ದರೆ ನಮಗೆ ನಷ್ಟ ಅಲ್ವಾ?” ಅಂದಳು. ನಿಜ. ಮೇ ತಿಂಗಳ ಗಾಳಿಗೆ ಉದುರಿದ ಮಾವಿನಕಾಯಿ ಒಂದು ಬದಿ ಜಜ್ಜಿ, ಸೊನೆ ಹತ್ತಿ ಕಪ್ಪಾಗಿರುತ್ತದೆ. ಸಿಕ್ಕ ರೇಟಿಗೆ ಕೊಡಬೇಕು. ಮಾವು ಬೆಳೆಯುವ ಮನೆಯ ಮಗುವಿಗೆ ಅದನ್ನು ಅದೃಷ್ಟ ಅಂತ ಹೇಗೆ ಹೇಳಲಿ?

‘ಆಕಸ್ಮಿಕ ಲಾಭ’ ಅಂದರೆ ದುಡಿಯದೆ ಬಂದದ್ದು ಅನ್ನೋದು ಬರುವುದಿಲ್ಲ. ‘ಗಾಳಿ ಬಂದಾಗ ತೂರಿಕೋ’ ಹತ್ತಿರವಾಯಿತು, ಆದರೆ ಅಲ್ಲಿ ತೂರುವವನ ಶ್ರಮ ಇದೆ.

ಗೋದಾಮಿನಲ್ಲಿಟ್ಟ ಅಡಿಕೆಗೆ ರಾತ್ರೋರಾತ್ರಿ ರೇಟು ಏರಿದರೆ, ಆ ಲಾಭವನ್ನು ನಿಮ್ಮ ಕಡೆಯ ಮಂಡಿಯಲ್ಲಿ, ಅಂಗಡಿಯಲ್ಲಿ ಏನಂತ ಕರೆಯುತ್ತಾರೆ? ಯಾವ ಊರಿನ ಮಾತು ಅಂತಲೂ ದಯವಿಟ್ಟು ತಿಳಿಸಿ.