ಖಾಲಿ ಡಬ್ಬಿ ಮಾರಿದ ಹಣದಿಂದ ಒಂದು ಮನೆ ಎದ್ದೀತೇ?

ಪ್ರಶ್ನೆ (ಎನ್‌ಎಸ್‌ಎಸ್ ಅಧ್ಯಾಪಕ, ಕಲಬುರಗಿ)

ನಮ್ಮ ಕಾಲೇಜಿನ ವಿದ್ಯಾರ್ಥಿಗಳು ತಂಪು ಪಾನೀಯದ ಡಬ್ಬಿ ಮತ್ತು ನೀರಿನ ಬಾಟಲಿಗಳನ್ನು ಕೂಡಿಹಾಕಿ, ಮಾರಿ ಬಂದ ಹಣದಿಂದ ಜೇವರ್ಗಿ ಕಡೆಯ ಹಳ್ಳಿಯೊಂದರಲ್ಲಿ ಪತ್ರಾಸಿನ ಕೆಳಗೆ ದಿನ ದೂಡುತ್ತಿರುವ ಕುಟುಂಬಕ್ಕೆ ಮನೆ ಕಟ್ಟಿಸಿಕೊಡಲು ಹೊರಟಿದ್ದಾರೆ. 1976ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಆರಂಭವಾದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಎಂಬ, ಬಡವರಿಗೆ ಮನೆ ಕಟ್ಟಿಕೊಡುವ ಸಂಸ್ಥೆಯ ಮನೆಗಳಿಗಾಗಿ ಅಲ್ಲಿನ ಜನ ಅಲ್ಯೂಮಿನಿಯಂ ಡಬ್ಬಿಗಳನ್ನು ಸಂಗ್ರಹಿಸಿ ಕೊಟ್ಟದ್ದನ್ನು ಓದಿ ಅವರಿಗೆ ಈ ಹುರುಪು ಬಂದಿದೆ. ಅವರ ಉತ್ಸಾಹಕ್ಕೆ ತಣ್ಣೀರೆರಚುವ ಮನಸ್ಸು ನನಗಿಲ್ಲ. ಆದರೆ ನಮ್ಮೂರಿನಲ್ಲಿ ಈ ಲೆಕ್ಕ ಕೂಡಿಬರುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ 1 (ಗುಜರಿ ವ್ಯಾಪಾರಿ, ಕಲಬುರಗಿ)

ಸರ್, ನಮ್ಮ ಅಂಗಡಿಯಲ್ಲಿ ಎಲ್ಲವೂ ತಕ್ಕಡಿಯ ಮೇಲೆ ತೀರ್ಮಾನವಾಗುತ್ತದೆ. ಒಂದು ಕಿಲೋ ಆಗಬೇಕಾದರೆ ಸುಮಾರು 70 ಅಲ್ಯೂಮಿನಿಯಂ ಡಬ್ಬಿಗಳು ಬೇಕು. ದರ ಏರಿಳಿಯುತ್ತಲೇ ಇರುತ್ತದೆ. ಲೆಕ್ಕಕ್ಕೆಂದು ಕಿಲೋಗೆ 100 ರೂಪಾಯಿ ಹಿಡಿದರೂ, ಹಳ್ಳಿಯಲ್ಲಿ ಬಡವರ ಮನೆಗೆ ಸರ್ಕಾರ ಕೊಡುವಷ್ಟು, ಅಂದರೆ 1,20,000 ರೂಪಾಯಿ ಕೂಡಲು 84,000 ಡಬ್ಬಿಗಳಾಗಬೇಕು. ನೀರಿನ ಬಾಟಲಿಗಳಿಗೆ ಇದಕ್ಕಿಂತ ಬಹಳ ಕಡಿಮೆ ಬೆಲೆ. ಅಲ್ಯೂಮಿನಿಯಂಗೆ ಬೆಲೆ ಇರುವುದಕ್ಕೆ ಕಾರಣವಿದೆ: ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸುವಾಗ ಶೇ. 95ರಷ್ಟು ಶಕ್ತಿ ಉಳಿಯುತ್ತದೆ. ಆದರೆ ನಮ್ಮ ಕಡೆ ಜನ ಕುಡಿಯುವುದು ಹೆಚ್ಚಾಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ. ಡಬ್ಬಿಗಳು ಸಿಗುವುದು ಬಾರ್‌ಗಳಲ್ಲಿ ಮತ್ತು ದೊಡ್ಡ ಹೋಟೆಲುಗಳಲ್ಲಿ, ಅಲ್ಲಿಗೆ ವಿದ್ಯಾರ್ಥಿಗಳನ್ನು ಕಳುಹಿಸುವುದು ಸರಿಯೋ ಎಂಬುದನ್ನು ನೀವೇ ಯೋಚಿಸಿ.

ಆಯಸ್ಕಾಂತವೊಂದನ್ನು ಜೊತೆಗಿಟ್ಟುಕೊಳ್ಳಲಿ. ಅದಕ್ಕೆ ಅಂಟಿಕೊಂಡದ್ದು ಕಬ್ಬಿಣದ ಡಬ್ಬಿ, ಅದರ ದರವೇ ಬೇರೆ. ಡಬ್ಬಿ ತೆರೆಯಲು ಎಳೆಯುವ ಮೇಲಿನ ಉಂಗುರವನ್ನಷ್ಟೇ ಕಿತ್ತು ಸೀಸೆಯಲ್ಲಿ ಕೂಡಿಡುವವರನ್ನು ಕಂಡಿದ್ದೇನೆ. ಇಡೀ ಡಬ್ಬಿಯನ್ನೇ ತಂದರೆ ಸಾಕು, ತೂಕವಿರುವುದೆಲ್ಲ ಅದರಲ್ಲೇ. ಒಳಗೆ ಉಳಿದ ಸಿಹಿಗೆ ಇರುವೆ ಮುತ್ತಿ, ಮರಳು ಸೇರಿ, ಚೀಲ ತೊಟ್ಟಿಕ್ಕುತ್ತಾ ಬಂದರೆ ಯಾವ ವ್ಯಾಪಾರಿಯೂ ತೂಕದಲ್ಲಿ ಕಳೆಯದೆ ಬಿಡುವುದಿಲ್ಲ, ಆದ್ದರಿಂದ ತೊಳೆದು, ಬೋರಲು ಹಾಕಿ, ಒಣಗಿದ ಮೇಲೆ ತುಳಿದು ಚಪ್ಪಟೆ ಮಾಡಬೇಕು. ಬಿಯರಿನ ಗಾಜಿನ ಬಾಟಲಿಗಳನ್ನು ಮಾತ್ರ ಒಡೆಯಬಾರದು. ಬಾಯಿ ಮುಕ್ಕಾಗದಿದ್ದರೆ ಅವು ಎಣಿಕೆಯ ಲೆಕ್ಕದಲ್ಲಿ ಮಾರಾಟವಾಗಿ, ತೊಳೆಯಲ್ಪಟ್ಟು ಮತ್ತೆ ಬಳಕೆಗೆ ಬರುತ್ತವೆ.

ಉತ್ತರ 2 (ಶಿಕ್ಷಕಿ, ಬೀದರ್)

ರಸ್ತೆ ಬದಿಯ ಬಾಟಲಿಗಳನ್ನು ಮುಟ್ಟಬೇಡಿರೆಂದು ನಿಮ್ಮ ಹುಡುಗರಿಗೆ ಹೇಳಿ ಸರ್. ಬೆಳಗಿನ ಜಾವವೇ ಚೀಲ ಹೊತ್ತು ಹೊರಡುವ ಹೆಣ್ಣುಮಕ್ಕಳ ಅಂದಿನ ಕೂಲಿ ಅದರಲ್ಲಿರುತ್ತದೆ, ಅವರಲ್ಲಿ ಎಷ್ಟೋ ಜನರಿಗೂ ಪಕ್ಕಾ ಮನೆಯಿಲ್ಲ. ಕಲ್ಯಾಣ ಮಂಟಪ, ಹಾಸ್ಟೆಲ್, ಕಾಲೇಜಿನ ಸಮಾರಂಭಗಳಲ್ಲಿ ಮೊದಲೇ ಒಪ್ಪಿಗೆ ಪಡೆದು ಬುಟ್ಟಿ ಇಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಮೇಡಂ, ಈ ಮಾತನ್ನು ಒಪ್ಪುತ್ತೇನೆ. 84,000 ಡಬ್ಬಿಗಳು ನಮ್ಮಿಂದಾಗದ ಕೆಲಸವೆಂಬುದೂ ಸ್ಪಷ್ಟವಾಯಿತು. ಹಾಗಾದರೆ ಕೂಡುವ ಅಲ್ಪ ಹಣದಿಂದ ಏನು ಮಾಡಬಹುದು?

ಉತ್ತರ 3 (ಗ್ರಾಮ ಪಂಚಾಯಿತಿ ನೌಕರ, ಯಾದಗಿರಿ ಜಿಲ್ಲೆ)

ಇಡೀ ಮನೆಯ ಭಾರವನ್ನು ಡಬ್ಬಿಗಳ ಮೇಲೆ ಹೊರಿಸಬೇಡಿ. ಆ ಕುಟುಂಬದ ಹೆಸರು ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ. ಬಯಲುಸೀಮೆಯಲ್ಲಿ ಅದರ ನೆರವು 1,20,000 ರೂಪಾಯಿ, ಮನೆಯ ವಿಸ್ತೀರ್ಣ ಕನಿಷ್ಠ 25 ಚದರ ಮೀಟರ್ ಇರಬೇಕು. ಉದ್ಯೋಗ ಖಾತರಿಯಲ್ಲಿ 90 ಮಾನವ ದಿನಗಳ ಕೂಲಿಯನ್ನೂ ಇದರೊಂದಿಗೆ ಜೋಡಿಸಲಾಗುತ್ತಿತ್ತು.

ಬಡವರ ಮನೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಕಂತುಗಳ ನಡುವೆ. ಒಂದು ಹಂತ ಮುಗಿದು, ಅದರ ಫೋಟೊ ದಾಖಲಾದ ಮೇಲಷ್ಟೇ ಮುಂದಿನ ಕಂತು ಬಿಡುಗಡೆಯಾಗುತ್ತದೆ, ಅಲ್ಲಿಯವರೆಗಿನ ಖರ್ಚಿಗೆ ಅವರು ಬಡ್ಡಿ ಸಾಲ ತರುತ್ತಾರೆ. ಅದರಲ್ಲೂ ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಗಟ್ಟಿ ಮುರಮ್ (ಗರಸು ಮಣ್ಣು) ಸಿಗುವವರೆಗೆ ಪಾಯ ತೋಡಲೇಬೇಕಾಗುತ್ತದೆ. ಆ ಆಳದ ಖರ್ಚಿಗೆ ಸರ್ಕಾರದ ಹಣ ಸಾಲುವುದಿಲ್ಲ. ನಿಮ್ಮ ಹಣವನ್ನು ಪಾಯದ ಕಲ್ಲಿಗೆ ಕೊಡಿ. ಪಾಯ ಆಗಲೇ ಮುಗಿದಿದ್ದರೆ ನೆಲಕ್ಕೆ ಶಹಾಬಾದ್ ಪರ್ಸಿ (ಹಾಸುಗಲ್ಲು) ಹಾಕಿಸಿಕೊಡಿ, ಅದು ನಿಮಗೆ ಸಮೀಪದಲ್ಲೇ ಸಿಗುತ್ತದೆ. ಹಣವನ್ನು ಕೈಗೆ ಕೊಡುವ ಬದಲು ಕಲ್ಲಿನ ವ್ಯಾಪಾರಿಗೇ ಪಾವತಿಸಿ ರಸೀದಿಯನ್ನು ಕುಟುಂಬದ ಹೆಸರಿನಲ್ಲಿ ಪಡೆದುಕೊಂಡರೆ, ಕಾಲೇಜಿನ ಲೆಕ್ಕಪತ್ರಕ್ಕೂ ಅನುಕೂಲವಾಗುತ್ತದೆ.